ಕೋಷರ್ ಊಟದ ಅತಿಥಿಗಳು ಬರುತ್ತಿದ್ದಾರೆ, ನಮ್ಮೂರ ಅಂಗಡಿಯ ಕೋಳಿ ಆಗುತ್ತದಾ?

ಮಲ್ಪೆ ಹೋಮ್‌ಸ್ಟೇ

ಎಲ್ಲರಿಗೂ ನಮಸ್ಕಾರ. ಮಲ್ಪೆಯಲ್ಲಿ ಕಡಲಿಗೆ ಹತ್ತಿರ ನಮ್ಮದೊಂದು ಸಣ್ಣ ಹೋಮ್‌ಸ್ಟೇ ಉಂಟು. ಎರಡೇ ರೂಮು, ಅಡುಗೆ ಅಮ್ಮನದ್ದು. ಬರುವ ತಿಂಗಳು ಇಸ್ರೇಲಿನ ಒಂದು ಜೋಡಿ ಆರು ದಿನಕ್ಕೆ ಬುಕ್ ಮಾಡಿದ್ದಾರೆ. ಗೋಕರ್ಣ ಮುಗಿಸಿಕೊಂಡು ಇಲ್ಲಿಗೆ ಬರುತ್ತಾರಂತೆ. ನಾನು ಖುಷಿಯಲ್ಲಿ ಕುಂದಾಪುರದ ಚಿಕನ್ ಘೀ ರೋಸ್ಟ್ ಮಾಡಿಸುತ್ತೇವೆ, ಸಿಗಡಿ ಸುಕ್ಕ ಮಾಡಿಸುತ್ತೇವೆ ಅಂತ ಬರೆದೆ. ಅವರು ತುಂಬಾ ಮರ್ಯಾದೆಯಿಂದ ಉತ್ತರ ಕೊಟ್ಟರು. ನಾವು ಕೋಷರ್, ಅಂದರೆ ಯಹೂದಿ ಧರ್ಮದ ಊಟದ ನಿಯಮ ಪಾಲಿಸುವವರು, ಸಿಗಡಿ ತಿನ್ನುವುದಿಲ್ಲ, ಮಾಂಸ ಆದರೆ ಶೆಹಿತಾ ಅಂತ ನಮ್ಮ ಪದ್ಧತಿಯಲ್ಲಿ ಕೊಯ್ದದ್ದು ಮಾತ್ರ, ನೀವು ತಲೆ ಕೆಡಿಸಿಕೊಳ್ಳಬೇಡಿ, ಹಣ್ಣು ಇದ್ದರೆ ಸಾಕು ಅಂತ.

ಅಮ್ಮನಿಗೆ ಅದು ಸಮಾಧಾನ ಇಲ್ಲ. ಮನೆಗೆ ಬಂದವರು ಆರು ದಿನ ಬಾಳೆಹಣ್ಣು ತಿಂದುಕೊಂಡು ಇರುವುದು ಹೇಗೆ ಅಂತ ದಿನಾ ಕೇಳುತ್ತಾರೆ. ನಮ್ಮ ಹತ್ತಿರದ ಕೋಳಿ ಅಂಗಡಿಯಲ್ಲಿ ಹಲಾಲ್ ಮಾಡಿಯೇ ಕೊಡುವುದು. ಎರಡೂ ಒಂದೇ ತರಹ ಅಂತ ಎಲ್ಲೋ ಕೇಳಿದ ನೆನಪು. ಹಾಗಾದರೆ ಅದು ನಡೆಯುತ್ತದಾ? ಇಲ್ಲದಿದ್ದರೆ ಊರ ಕೋಳಿ ತಂದು ಮನೆಯಲ್ಲೇ ಹೊಸ ಕತ್ತಿಯಲ್ಲಿ ಕೊಯ್ದರೆ? ಈ ಶೆಹಿತಾ ಅಂದರೆ ನಿಜವಾಗಿ ಎಂತ ಮಾಡುತ್ತಾರೆ? ಅವರ ಹತ್ತಿರವೇ ಕೇಳಬಹುದು, ಆದರೆ ಒಂದೊಂದೇ ಕೇಳಿ ಅವರಿಗೆ ಮುಜುಗರ ಮಾಡುವುದು ಬೇಡ ಅಂತ ಇಲ್ಲಿ ಕೇಳುತ್ತಿದ್ದೇನೆ. ಗೊತ್ತಿದ್ದವರು ಹೇಳಿ.

ಕುಲಶೇಖರದ ಅಕ್ಕ

ತಮ್ಮಾ, ಅಂಗಡಿಯ ಕೋಳಿ ಆಗುವುದಿಲ್ಲ. ಮನೆಯಲ್ಲಿ ಕೊಯ್ದದ್ದೂ ಆಗುವುದಿಲ್ಲ, ನಿಮ್ಮ ಅಮ್ಮ ಎಷ್ಟೇ ಚೊಕ್ಕ ಮಾಡಿದರೂ. ಬೇಜಾರು ಮಾಡಬೇಡಿ, ಯಾಕೆ ಅಂತ ಹೇಳುತ್ತೇನೆ.

ನಾನು ಇಸ್ರೇಲಿನಲ್ಲಿ ಒಬ್ಬರು ವಯಸ್ಸಾದ ಅಜ್ಜಿಯನ್ನು ನೋಡಿಕೊಳ್ಳುವ ಕೆಲಸದಲ್ಲಿ 9 ವರ್ಷ ಇದ್ದೆ. ಟೆಲ್ ಅವೀವ್ ಪಕ್ಕದ ಬ್ನೇ ಬ್ರಾಕ್ ಅಂತ ಊರು, ತುಂಬಾ ಮಡಿವಂತರು ಇರುವ ಊರು. ಮಂಗಳೂರು ಕಡೆಯಿಂದ ಈ ಕೆಲಸಕ್ಕೆ ಹೋದವರು ಎಷ್ಟೋ ಜನ ಇದ್ದೇವೆ. ಮೊದಲ ವಾರ ಆ ಅಡುಗೆಮನೆ ನೋಡಿ ನನಗೆ ಅಳುವೇ ಬಂದಿತ್ತು. ಎರಡು ಸಿಂಕು, ಎರಡು ಸೆಟ್ ಪಾತ್ರೆ, ಎರಡು ಸೆಟ್ ಚಮಚ. ಕೆಂಪು ಹಿಡಿಯದ್ದು ಮಾಂಸಕ್ಕೆ, ನೀಲಿ ಹಿಡಿಯದ್ದು ಹಾಲು ಮೊಸರಿಗೆ. ಒಂದು ಸಲ ತಪ್ಪಿ ನೀಲಿ ಚಮಚ ಕೋಳಿ ಸೂಪಿಗೆ ಹಾಕಿದೆ. ಅಜ್ಜಿ ಬೈಯಲಿಲ್ಲ. ಅವರ ರಬ್ಬಿಗೆ, ಅಂದರೆ ಗುರುಗಳಿಗೆ ಫೋನ್ ಮಾಡಿ ಏನು ಮಾಡಬೇಕು ಅಂತ ಕೇಳಿದರು.

ಕೊಯ್ಯುವುದನ್ನು ಕಣ್ಣಾರೆ ನೋಡಿದ್ದೇನೆ, ಅದನ್ನೇ ಹೇಳುತ್ತೇನೆ. ಯೋಮ್ ಕಿಪ್ಪುರ್ ಅಂತ ಅವರಿಗೆ ಉಪವಾಸದ ದೊಡ್ಡ ದಿನ. ಅದಕ್ಕೆ ಮುಂಚೆ ಕೆಲವರು ಜೀವ ಇರುವ ಕೋಳಿಯನ್ನು ತಲೆಯ ಸುತ್ತ ಮೂರು ಸಲ ಸುತ್ತಿಸಿ, ಆಮೇಲೆ ಕೊಯ್ಯಿಸಿ ಬಡವರಿಗೆ ಕೊಡುತ್ತಾರೆ. ಅಜ್ಜಿಯನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಹೋಗಿದ್ದೆ. ಕೊಯ್ಯುವವರಿಗೆ ಶೋಹೆತ್ ಅನ್ನುತ್ತಾರೆ. ಗಡ್ಡದ ಒಬ್ಬರು ಪ್ರಾಯದವರು. ಅವರ ಕತ್ತಿಗೆ ಹಲಾಫ್ ಅಂತ ಹೆಸರು. ನಮ್ಮ ಕಡೆ ಕೋಳಿ ಕೊಯ್ಯುವ ಕತ್ತಿಯ ಹಾಗೆ ಚೂಪು ತುದಿ ಇಲ್ಲ, ತುದಿ ಚೌಕ ಕತ್ತರಿಸಿದ ಹಾಗೆ ಮೊಂಡು. ಅಲಗು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅವರು ಕೋಳಿಯನ್ನು ಮುಟ್ಟುವ ಮೊದಲು ಆ ಅಲಗನ್ನು ಬೆರಳಿನ ಮೇಲೆ, ಆಮೇಲೆ ಉಗುರಿನ ಮೇಲೆ, ಮೆಲ್ಲಗೆ ಆಚೆ ಎಳೆದು ಈಚೆ ತಂದರು. ಕತ್ತಿಯನ್ನು ಸ್ವಲ್ಪ ವಾಲಿಸಿ ಮತ್ತೆ. ಇನ್ನೊಂದು ಕಡೆಗೆ ವಾಲಿಸಿ ಮತ್ತೆ. ಚರ್ಮದ ಮೇಲೂ ಉಗುರಿನ ಮೇಲೂ, ಹೋಗುವಾಗಲೂ ಬರುವಾಗಲೂ, ಅಲಗಿನ ನೇರಕ್ಕೂ ಎರಡು ಮಗ್ಗುಲಿಗೂ, ಲೆಕ್ಕ ಹಾಕಿದರೆ 12 ಸಲ. ಅಲಗಿನಲ್ಲಿ ಕೂದಲೆಳೆಯಷ್ಟು ಮುಕ್ಕು ಇದ್ದರೂ ಆ ಕತ್ತಿ ಆಗುವುದಿಲ್ಲ.

ನಾನು ನೋಡುತ್ತಿರುವಾಗಲೇ ಒಂದು ಸಲ ಅವರ ಕೈ ನಿಂತಿತು. ಉಗುರಿಗೆ ಏನೋ ಸಿಕ್ಕಿತು. ನನಗೆ ಕಣ್ಣಿಗೆ ಒಂದೂ ಕಾಣಲಿಲ್ಲ. ಅವರು ಸಾಲಿನಲ್ಲಿ ನಿಂತ ಅಷ್ಟು ಜನರನ್ನು ಕಾಯಿಸಿ, ಕಲ್ಲು ತೆಗೆದು, ಮಸೆದು, ಒರೆಸಿ, ಮತ್ತೆ ಮೊದಲಿನಿಂದ ಉಗುರಿನ ಮೇಲೆ ಎಳೆದರು. ಯಾರೂ ಗಡಿಬಿಡಿ ಮಾಡಲಿಲ್ಲ. ಕೊಯ್ದ ಮೇಲೂ ಕತ್ತಿ ನೋಡಬೇಕು. ಆಗ ಮುಕ್ಕು ಸಿಕ್ಕಿದರೆ, ಹಿಂದಿನ ಸಲ ಕತ್ತಿ ನೋಡಿದ ನಂತರ ಕೊಯ್ದದ್ದೆಲ್ಲ ಅವರಿಗೆ ತಿನ್ನಲು ಆಗುವುದಿಲ್ಲ ಅಂತ ಅಜ್ಜಿ ಹೇಳಿದರು. ಐವತ್ತು ಕೋಳಿ ಆಗಿದ್ದರೆ ಐವತ್ತೂ ಹೋಯಿತು.

ಕೊಯ್ಯುವುದಕ್ಕೂ ಕಟ್ಟುನಿಟ್ಟು ಉಂಟು. ಶುರು ಮಾಡಿದ ಮೇಲೆ ಒಂದು ಕ್ಷಣವೂ ನಿಲ್ಲಿಸುವ ಹಾಗಿಲ್ಲ. ಮೇಲಿನಿಂದ ಒತ್ತುವ ಹಾಗಿಲ್ಲ, ನಾವು ಸೌತೆಕಾಯಿ ಕೊಚ್ಚುತ್ತೇವಲ್ವಾ, ಹಾಗೆ ಮಾಡಿದರೆ ಕೆಟ್ಟಿತು. ಕತ್ತಿಯನ್ನು ಪಿಟೀಲಿನ ಕಮಾನಿನ ಹಾಗೆ ಎಳೆಯಬೇಕು, ಅಷ್ಟೇ. ಕತ್ತಿ ಗರಿಯ ಒಳಗೋ ಚರ್ಮದ ಒಳಗೋ ಮರೆಯಾಗಬಾರದು, ಚುಚ್ಚಿ ಒಳಗಿನಿಂದ ಕೊಯ್ಯಬಾರದು. ಕುತ್ತಿಗೆಯಲ್ಲಿ ಇಲ್ಲಿಂದ ಇಲ್ಲಿಗೆ ಅಂತ ಜಾಗ ಉಂಟು, ಅದರ ಮೇಲೂ ಕೆಳಗೂ ಹೋಗಬಾರದು. ಅನ್ನನಾಳ, ಶ್ವಾಸನಾಳ ಕೊಯ್ದು ಹೋಗಬೇಕೇ ಹೊರತು ಕಿತ್ತು ಬರಬಾರದು. ಈ ಐದರಲ್ಲಿ ಯಾವುದು ತಪ್ಪಿದರೂ ಅದು ಸತ್ತ ಪ್ರಾಣಿಯ ಲೆಕ್ಕ. ಆಡು ಕುರಿ ಆದರೆ ಎರಡೂ ಕೊಳವೆ ಅರ್ಧಕ್ಕಿಂತ ಜಾಸ್ತಿ ಕೊಯ್ದಿರಬೇಕು. ಹಕ್ಕಿ ಆದರೆ ಒಂದರದ್ದು ಆದರೂ ಸಾಕಾಗುತ್ತದೆ, ಆದರೆ ಎರಡೂ ಕೊಯ್ಯುವುದೇ ಪದ್ಧತಿ. ಕೋಳಿಯ ರಕ್ತ ಬೀಳುವಲ್ಲಿ ಮೊದಲೇ ಮಣ್ಣು ಹಾಕಿರುತ್ತಾರೆ, ಕೊಯ್ದ ಮೇಲೆ ಮೇಲಿನಿಂದಲೂ ಮಣ್ಣು ಮುಚ್ಚುತ್ತಾರೆ. ಅದಕ್ಕೂ ಒಂದು ಪ್ರಾರ್ಥನೆ. ಜೀವ ಇರುವುದು ರಕ್ತದಲ್ಲಿ ಅಂತ ಅವರ ಧರ್ಮಗ್ರಂಥದಲ್ಲಿ ಉಂಟು. ಹಾಗಾಗಿ ಅದನ್ನು ಹಾಗೇ ಬಿಟ್ಟು ಬರುವುದಿಲ್ಲ, ಹೂಳುತ್ತಾರೆ.

ಈಗ ನಿಮ್ಮ ಮನೆಯಲ್ಲಿ ಯಾಕೆ ಆಗುವುದಿಲ್ಲ ಅಂದರೆ, ಕೊಯ್ಯುವವರು ಧರ್ಮ ಪಾಲಿಸುವ ಯಹೂದಿಯೇ ಆಗಿರಬೇಕು. ಸುಮ್ನೆ ಯಹೂದಿ ಆದರೂ ಸಾಲದು. ವರ್ಷಗಟ್ಟಲೆ ಕಲಿತು, ರಬ್ಬಿಯ ಎದುರು ಪರೀಕ್ಷೆ ಕೊಟ್ಟು, ಒಪ್ಪಿಗೆ ಪತ್ರ ತೆಗೆದುಕೊಂಡಿರಬೇಕು. ನಿಮ್ಮ ಅತಿಥಿಗಳೇ ಕತ್ತಿ ಹಿಡಿದರೂ ಅದು ಅವರಿಗೆ ಆಗುವುದಿಲ್ಲ.

ಬಂದರಿನ ಬ್ಯಾರಿ

ಅಕ್ಕ ಬರೆದದ್ದು ಓದಿ ನನ್ನ ಅಜ್ಜ ನೆನಪಾದರು. ನಮ್ಮದು ಮಂಗಳೂರಿನಲ್ಲಿ ಮೂರು ತಲೆಮಾರಿನ ಮಟನ್ ಅಂಗಡಿ. ಅಜ್ಜ ಕೂಡ ಕತ್ತಿಯನ್ನು ಹೆಬ್ಬೆರಳಿನ ಉಗುರಿನ ಮೇಲೆ ಎಳೆದು ನೋಡುತ್ತಿದ್ದರು, ಆಡಿಗೆ ಕಾಣದ ಹಾಗೆ ಬೆನ್ನು ಹಾಕಿ ನಿಂತು ಮಸೆಯುತ್ತಿದ್ದರು. ಕೊಯ್ಯುವಾಗ ಚೆನ್ನಾಗಿ ಕೊಯ್ಯಿ, ಕತ್ತಿ ಮಸೆದುಕೋ, ಪ್ರಾಣಿಗೆ ಕಷ್ಟ ಕೊಡಬೇಡ ಅಂತ ನಮ್ಮ ಹದೀಸಿನಲ್ಲಿಯೂ, ಅಂದರೆ ಪ್ರವಾದಿಯವರ ಮಾತಿನಲ್ಲಿಯೂ ಉಂಟು. ಈಗಿನ ಹುಡುಗರು ಗಡಿಬಿಡಿಯಲ್ಲಿ ಇದನ್ನು ಮರೆಯುತ್ತಾರೆ, ಅದು ನನಗೆ ದೊಡ್ಡ ಬೇಸರ. ಭಾನುವಾರ ಬೆಳಿಗ್ಗೆ ಸಾಲು ನಿಂತಾಗ ಒಂದು ಕತ್ತಿಯಲ್ಲಿ ಎಷ್ಟು ಕೋಳಿ ಕೊಯ್ದೆವು ಅಂತ ಯಾರು ಲೆಕ್ಕ ಇಡುತ್ತಾರೆ ಹೇಳಿ.

ಮಲ್ಪೆಯ ತಮ್ಮನಿಗೆ ಹಲಾಲಿಗೂ ಇದಕ್ಕೂ ಇರುವ ವ್ಯತ್ಯಾಸ ಹೇಳುತ್ತೇನೆ. ನಮ್ಮಲ್ಲಿಯೂ ಗಂಟಲು, ಅನ್ನನಾಳ, ಪಕ್ಕದ ರಕ್ತನಾಳಗಳನ್ನು ಹರಿತದ ಕತ್ತಿಯಲ್ಲಿ ಕೊಯ್ದು ರಕ್ತ ಪೂರ್ತಿ ಹೋಗಲು ಬಿಡುವುದು. ರಕ್ತ ನಮಗೂ ಹರಾಮ್, ಹಂದಿ ನಮಗೂ ಹರಾಮ್. ಅಷ್ಟರ ಮಟ್ಟಿಗೆ ಅಣ್ಣ ತಮ್ಮಂದಿರ ಹಾಗೆ. ಆದರೆ ನಮ್ಮಲ್ಲಿ ವಿಧಾನ ಗೊತ್ತಿರುವ ಯಾವ ಮುಸ್ಲಿಮನೂ ಕೊಯ್ಯಬಹುದು, ಪರೀಕ್ಷೆ ಪತ್ರ ಅಂತ ಇಲ್ಲ. ನಾವು ಪ್ರತಿಯೊಂದು ಪ್ರಾಣಿಗೂ ಬಿಸ್ಮಿ, ಅಂದರೆ ಅಲ್ಲಾಹನ ಹೆಸರು ಹೇಳುತ್ತೇವೆ. ಅವರು ಶುರುವಿನಲ್ಲಿ ಒಂದು ಸಲ ಪ್ರಾರ್ಥನೆ ಹೇಳಿ, ನಡುವೆ ಬೇರೆ ಮಾತು ಆಡದೆ, ಆ ಸರದಿಯ ಎಲ್ಲವನ್ನೂ ಕೊಯ್ಯುತ್ತಾರೆ. ಸಿಗಡಿ, ಏಡಿ, ಮರುವಾಯಿ ಕರಾವಳಿಯ ನಾವೆಲ್ಲ ತಿನ್ನುತ್ತೇವೆ, ಅವರಿಗೆ ಇಲ್ಲ. ಒಂಟೆ, ಮೊಲ ನಮಗೆ ಆಗುತ್ತದೆ, ಅವರಿಗೆ ಆಗುವುದಿಲ್ಲ. ಗೊರಸು ಸೀಳಿರಬೇಕು, ಮೆಲುಕು ಹಾಕಬೇಕು, ಎರಡೂ ಇರಬೇಕು ಅಂತ ಅವರ ನಿಯಮ. ಹಂದಿಗೆ ಗೊರಸು ಸೀಳಿದೆ, ಮೆಲುಕು ಇಲ್ಲ. ಒಂಟೆಗೆ ಮೆಲುಕು ಉಂಟು, ಅವರ ಲೆಕ್ಕದಲ್ಲಿ ಗೊರಸು ಸೀಳಿಲ್ಲ.

ಇನ್ನೊಂದು ವಿಷಯ. ಗ್ರಂಥ ಪಡೆದವರ, ಅಂದರೆ ಯಹೂದಿಗಳು ಕ್ರೈಸ್ತರ ಆಹಾರ ನಿಮಗೆ ಆಗುತ್ತದೆ ಅಂತ ಕುರಾನಿನ ಐದನೇ ಅಧ್ಯಾಯದಲ್ಲಿ ಉಂಟು. ಹಾಗಾಗಿ ಅವರು ಕೊಯ್ದದ್ದನ್ನು ನಮ್ಮಲ್ಲಿ ಸುಮಾರು ಜನ ತಿನ್ನುತ್ತಾರೆ. ಹಲಾಲ್ ಸಿಗದ ವಿದೇಶದ ಊರುಗಳಲ್ಲಿ ನಮ್ಮವರು ಕೋಷರ್ ಅಂಗಡಿಗೆ ಹೋಗುವುದು ಇದೇ ಕಾರಣಕ್ಕೆ. ನಾವು ಕೊಯ್ದದ್ದು ಮಾತ್ರ ಅವರಿಗೆ ಆಗುವುದಿಲ್ಲ. ಇದರಲ್ಲಿ ಅವಮಾನ ಅಂತ ನನಗೆ ಅನಿಸುವುದಿಲ್ಲ. ಅವರ ಕತ್ತಿಯ ನಿಯಮ ನಮ್ಮದಕ್ಕಿಂತ ಬಿಗಿ, ಅದನ್ನು ಒಪ್ಪಿಕೊಳ್ಳಲೇಬೇಕು.

ಸಸ್ಯಾಹಾರಿ ಮನಸು

ಎಲ್ಲರೂ ಕತ್ತಿಯ ಬಗ್ಗೆ ಇಷ್ಟು ಬರೆದಿರಿ. ಪ್ರಾಣಿಗೆ ಎಚ್ಚರ ಇರುವಾಗಲೇ ಕುತ್ತಿಗೆ ಕೊಯ್ಯುವುದು ಹಿಂಸೆಯೇ ಅಲ್ವಾ? ಹೊರದೇಶಗಳಲ್ಲಿ ಮೊದಲು ಪ್ರಜ್ಞೆ ತಪ್ಪಿಸಿ ಕೊಯ್ಯುತ್ತಾರೆ. ಅದನ್ನು ಇವರು ಯಾಕೆ ಒಪ್ಪುವುದಿಲ್ಲ? ಜಗಳಕ್ಕೆ ಕೇಳುತ್ತಿಲ್ಲ. ನನಗೆ ಇದು ಓದುವಾಗಲೇ ಸಂಕಟ ಆಯಿತು.

ನಿವೃತ್ತ ಪಶುವೈದ್ಯ

ನಿಮ್ಮ ಪ್ರಶ್ನೆ ನ್ಯಾಯದ್ದೇ. ನಾನು ಉಡುಪಿ ಜಿಲ್ಲೆಯಲ್ಲಿ ಸರ್ಕಾರಿ ಪಶುವೈದ್ಯನಾಗಿದ್ದವನು, ಕಸಾಯಿಖಾನೆ ತಪಾಸಣೆಯೂ ಮಾಡಿದ್ದೇನೆ. ಎರಡೂ ಕಡೆಯದ್ದು ಹೇಳುತ್ತೇನೆ.

ಅವರು ಒಪ್ಪದಿರುವುದಕ್ಕೆ ಕಾರಣ ಸರಳ. ಕೊಯ್ಯುವ ಹೊತ್ತಿಗೆ ಪ್ರಾಣಿ ಪೂರ್ತಿ ಆರೋಗ್ಯದಲ್ಲಿ, ಗಾಯ ಇಲ್ಲದೆ ಇರಬೇಕು. ಪ್ರಜ್ಞೆ ತಪ್ಪಿಸಲು ತಲೆಗೆ ಬೋಲ್ಟ್, ಅಂದರೆ ಕಬ್ಬಿಣದ ಮೊಳೆಯಂಥದ್ದು ಹೊಡೆದರೆ ಮೆದುಳಿಗೆ ಗಾಯ ಆಯಿತು. ಅಲ್ಲಿಗೆ ಅದು ಅವರ ಕಾನೂನಿನಲ್ಲಿ ಕೆಟ್ಟಿತು. ಅವರು ಹೇಳುವುದು, ಈ ಮುಕ್ಕಿಲ್ಲದ ಅಲಗೇ ನೋವು ಕಡಿಮೆ ಮಾಡುವ ಉಪಾಯ ಅಂತ. ಇದು ಸುಮ್ನೆ ಮಾತಲ್ಲ. ಬ್ಲೇಡಿನಲ್ಲಿ ಬೆರಳು ಕೊಯ್ದುಕೊಂಡಾಗ ರಕ್ತ ಕಂಡ ಮೇಲೆಯೇ ನಮಗೆ ಗೊತ್ತಾಗುವುದು, ಮೊಂಡು ಕತ್ತಿ ತಾಗಿದರೆ ಕೂಡಲೇ ಜೀವ ಹೋದ ಹಾಗೆ ಆಗುತ್ತದೆ. ಅಮೆರಿಕದ ಟೆಂಪಲ್ ಗ್ರಾಂಡಿನ್ ಅವರು ದನಗಳನ್ನು ಹಿಂಸೆ ಇಲ್ಲದೆ ನಿಲ್ಲಿಸುವ ವ್ಯವಸ್ಥೆ ಮಾಡುವುದರಲ್ಲಿಯೇ ಜೀವನ ಕಳೆದವರು. ಪ್ರಾಣಿಯನ್ನು ಆರಾಮವಾಗಿ ನಿಲ್ಲಿಸಿ, ಒಳ್ಳೆಯ ಶೋಹೆತ್ ಕೊಯ್ದರೆ ಕತ್ತಿ ಹೋದದ್ದಕ್ಕೆ ಅದು ಬೆಚ್ಚುವುದು ತೀರಾ ಕಡಿಮೆ ಅಂತ ಅವರು ನೋಡಿ ಬರೆದಿದ್ದಾರೆ. ಅವರೇ ಅತ್ಯಂತ ಜೋರಾಗಿ ವಿರೋಧಿಸಿದ್ದು ಬೇರೆಯದನ್ನು. ಎಚ್ಚರ ಇರುವ ದನವನ್ನು ಒಂದು ಕಾಲಿಗೆ ಸರಪಳಿ ಹಾಕಿ ಮೇಲಕ್ಕೆ ಎತ್ತುವುದನ್ನು. ಅದು ಧರ್ಮದ ನಿಯಮ ಅಲ್ಲ, ಕಾರ್ಖಾನೆಯ ಅನುಕೂಲ.

ಇನ್ನೊಂದು ಕಡೆಯದ್ದೂ ಹೇಳಬೇಕು. ಕುರಿ ಆಡಿನಲ್ಲಿ ಕುತ್ತಿಗೆಯ ಮುಂದಿನ ರಕ್ತನಾಳ ಕೊಯ್ದರೆ ಕೆಲವೇ ಸೆಕೆಂಡಿನಲ್ಲಿ ಪ್ರಜ್ಞೆ ಹೋಗುತ್ತದೆ. ದನದಲ್ಲಿ ಹಾಗಲ್ಲ. ಬೆನ್ನೆಲುಬಿನ ಒಳಗಿನಿಂದ ಮೆದುಳಿಗೆ ಹೋಗುವ ಇನ್ನೊಂದು ಜೋಡಿ ರಕ್ತನಾಳ ಉಂಟು, ಅದು ಈ ಕೊಯ್ತಕ್ಕೆ ಸಿಗುವುದಿಲ್ಲ. ಹಾಗಾಗಿ ಕೆಲವು ದನಗಳಿಗೆ ಪ್ರಜ್ಞೆ ಹೋಗಲು ಜಾಸ್ತಿ ಹೊತ್ತು ಬೇಕು. ಯುರೋಪಿನ ಪಶುವೈದ್ಯರು ಆಕ್ಷೇಪ ಎತ್ತುವುದು ಇಲ್ಲಿಯೇ. ನನಗೂ ಆ ಆಕ್ಷೇಪ ಸರಿ ಅನಿಸುತ್ತದೆ.

ಆದರೆ ಅಲ್ಲಿನ ನಿಷೇಧಗಳ ಇತಿಹಾಸ ನೋಡಿದರೆ ದಯೆ ಒಂದೇ ಕಾರಣ ಅಂತ ಹೇಳಲು ಬಾಯಿ ಬರುವುದಿಲ್ಲ. ಸ್ವಿಟ್ಜರ್ಲೆಂಡಿನಲ್ಲಿ 1893ರಲ್ಲಿ ಜನಮತ ತೆಗೆದು ನಿಷೇಧಿಸಿದರು, ಅದರ ಹಿಂದೆ ಯಹೂದಿಗಳ ಮೇಲಿನ ದ್ವೇಷವೂ ಕೆಲಸ ಮಾಡಿತ್ತು. ಜರ್ಮನಿಯಲ್ಲಿ ಹಿಟ್ಲರ್ ಬಂದ ಮೂರು ತಿಂಗಳಿಗೆ, 1933ರ ಏಪ್ರಿಲ್‌ನಲ್ಲಿಯೇ ಈ ಕಾನೂನು ಬಂತು. ಯಾರ ಮೇಲೆ ದಯೆ ಇದ್ದ ಸರ್ಕಾರ ಅದು ಅಂತ ಎಲ್ಲರಿಗೂ ಗೊತ್ತು. ಈಚೆಗೆ ಬೆಲ್ಜಿಯಂನ ಎರಡು ಪ್ರಾಂತ್ಯಗಳಲ್ಲಿ 2019ರಿಂದ ಪ್ರಜ್ಞೆ ತಪ್ಪಿಸದೆ ಕೊಯ್ಯುವ ಹಾಗಿಲ್ಲ, ಅಂಥ ಕಾನೂನು ಮಾಡಬಹುದು ಅಂತ ಯುರೋಪಿನ ನ್ಯಾಯಾಲಯ 2020ರ ಡಿಸೆಂಬರಿನಲ್ಲಿ ಹೇಳಿತು. ನಮ್ಮ ದೇಶದಲ್ಲಿ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 28ನೇ ಕಲಮಿನಲ್ಲಿ, ಯಾವುದೇ ಸಮುದಾಯದ ಧರ್ಮ ಹೇಳಿದ ರೀತಿಯಲ್ಲಿ ಕೊಂದರೆ ಆ ಕಾಯ್ದೆಯಡಿ ಅಪರಾಧ ಅಲ್ಲ ಅಂತ ಉಂಟು.

ವೈದ್ಯನಾಗಿ ನನಗೆ ಜಾಸ್ತಿ ಇಷ್ಟ ಆಗುವುದು ಕೊಯ್ದ ಮೇಲಿನ ಕೆಲಸ. ಅಕ್ಕ ಅದನ್ನು ಬರೆದಿಲ್ಲ. ಆಡು, ಕುರಿ, ದನ ಕೊಯ್ದ ಮೇಲೆ ಶೋಹೆತ್ ಅಥವಾ ತಪಾಸಣೆಯವರು ಎದೆಗೂಡಿನ ಒಳಗೆ ಕೈ ಹಾಕಿ, ಕಣ್ಣಿಗೆ ಕಾಣುವ ಮೊದಲೇ ಶ್ವಾಸಕೋಶವನ್ನು ತಡವಿ ನೋಡುತ್ತಾರೆ. ಶ್ವಾಸಕೋಶ ಪಕ್ಕೆಗೋ ಇನ್ನೊಂದು ಹಾಳೆಗೋ ಅಂಟಿಕೊಂಡಿದೆಯಾ ಅಂತ. ಹಳೆಯ ನ್ಯುಮೋನಿಯಾ ಇದ್ದ ಪ್ರಾಣಿಯ ಎದೆ ಬಗೆದಾಗ ನಾವು ಹುಡುಕುವುದೂ ಇದೇ ಅಂಟನ್ನು. ಸಂಶಯ ಬಂದರೆ ಶ್ವಾಸಕೋಶಕ್ಕೆ ಗಾಳಿ ಊದಿ ನೀರು ಹಾಕುತ್ತಾರೆ, ಸೈಕಲ್ ಟ್ಯೂಬಿನ ಪಂಕ್ಚರ್ ನೋಡುವ ಹಾಗೆ. ಗುಳ್ಳೆ ಬಂದರೆ ಆ ಪ್ರಾಣಿ ಆಗುವುದಿಲ್ಲ. ಗ್ಲಾಟ್ ಕೋಷರ್ ಅಂತ ಪ್ಯಾಕೆಟ್ ಮೇಲೆ ನೋಡಿರಬಹುದು. ಗ್ಲಾಟ್ ಅಂದರೆ ಅವರ ಯಿದ್ದಿಶ್ ಭಾಷೆಯಲ್ಲಿ ನುಣುಪು, ಆ ಶ್ವಾಸಕೋಶ ನುಣುಪಾಗಿತ್ತು ಅಂತ ಅರ್ಥ. ಮನುಷ್ಯನ ಹಾಗೆ ಪ್ರಾಣಿಗೂ ಏನೇನು ಆದರೆ ಅದು ಬದುಕುವುದಿಲ್ಲ ಅಂತ 70 ಬಗೆಯ ಗಾಯ ರೋಗಗಳನ್ನು ಮೈಮೊನಿಡಿಸ್ ಎಂಬ ಯಹೂದಿ ವೈದ್ಯ 12ನೇ ಶತಮಾನದಲ್ಲಿಯೇ ಪಟ್ಟಿ ಮಾಡಿಟ್ಟಿದ್ದಾನೆ.

ಹಳೇ ಬಂದರು

ಮೈಮೊನಿಡಿಸ್ ಹೆಸರು ಬಂದದ್ದರಿಂದ ಬರೆಯುತ್ತಿದ್ದೇನೆ. ಅವನ ತಮ್ಮ ದಾವೀದ್ ರತ್ನದ ವ್ಯಾಪಾರಿ. ಭಾರತದ ಕಡೆಗೆ ವ್ಯಾಪಾರಕ್ಕೆ ಹೊರಟವನು ನಮ್ಮ ಈ ಕಡಲಿನಲ್ಲಿಯೇ ಹಡಗು ಮುಳುಗಿ ಸತ್ತ. ಅಣ್ಣ ಆ ದುಃಖದಲ್ಲಿ ಒಂದು ವರ್ಷ ಹಾಸಿಗೆ ಹಿಡಿದಿದ್ದ.

ಅದೇ ಶತಮಾನದಲ್ಲಿ ಮಂಗಳೂರಿನಲ್ಲಿ ಒಬ್ಬ ಯಹೂದಿ ವ್ಯಾಪಾರಿ ಮನೆ ಮಾಡಿಕೊಂಡಿದ್ದ ಅಂತ ನಮ್ಮೂರಿನವರಿಗೇ ಜಾಸ್ತಿ ಗೊತ್ತಿಲ್ಲ. ಅಬ್ರಹಾಂ ಬೆನ್ ಯಿಜು. ಟ್ಯುನೀಸಿಯಾ ದೇಶದವನು, ಏಡನ್ ಮೂಲಕ ಬಂದ. 1132ರಿಂದ 1149ರವರೆಗೆ ಹೆಚ್ಚು ಕಾಲ ಈ ಕರಾವಳಿಯಲ್ಲಿ ಇದ್ದ. ಕಂಚಿನ ಪಾತ್ರೆ ಮಾಡಿಸುವ ಕೆಲಸ ಇಟ್ಟಿದ್ದ, ಏಡನ್‌ನ ಗೆಳೆಯರು ಹಳೆಯ ತಾಮ್ರ ಕಳಿಸಿ ಹೊಸ ಪಾತ್ರೆ ಮಾಡಿಸಿಕೊಳ್ಳುತ್ತಿದ್ದರು. ಇಲ್ಲಿಯ ಆಶು ಎಂಬ ಹೆಂಗಸಿನ ಜೊತೆ ಸಂಸಾರ ಮಾಡಿದ. ಅವಳನ್ನು ದಾಸ್ಯದಿಂದ ಬಿಡಿಸಿದ 1132ರ ಪತ್ರ ಈಗಲೂ ಉಂಟು, ಬರೆದದ್ದು ಮಂಗಳೂರಿನಲ್ಲಿ. ಅವನ ಪರವಾಗಿ ಏಡನ್‌ಗೆ ವ್ಯಾಪಾರಕ್ಕೆ ಹೋಗುತ್ತಿದ್ದವನ ಹೆಸರು ಬೊಮ್ಮ. ಕೈರೋ ನಗರದ ಒಂದು ಸಿನಗಾಗಿನ, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರದ ಕೋಣೆಯಲ್ಲಿ ಈ ಕಾಗದಗಳೆಲ್ಲ ಸಿಕ್ಕಿದವು. ಎಂಟುನೂರು ಚಿಲ್ಲರೆ ವರ್ಷದ ಹಿಂದೆ ಮಂಗಳೂರಿನಲ್ಲಿ ಒಬ್ಬ ಗೃಹಸ್ಥ ಇದೇ ನಿಯಮ ಇಟ್ಟುಕೊಂಡು ಮೀನು ಮಾರ್ಕೆಟಿನಲ್ಲಿ ನಡೆದಾಡಿದ್ದ ಅಂತ ನೆನೆದರೆ ನನಗೆ ಮೈ ಜುಂ ಅನ್ನುತ್ತದೆ.

ಮೀನಿನ ಮಾತಿಗೆ ಇನ್ನೊಂದು. ನಮ್ಮಿಂದ ಮೇಲೆ, ಮಹಾರಾಷ್ಟ್ರದ ಕೊಂಕಣದಲ್ಲಿ ಬೆನೆ ಇಸ್ರೇಲ್ ಅಂತ ಯಹೂದಿಗಳು ಗಾಣದ ಎಣ್ಣೆ ತೆಗೆಯುವ ಕೆಲಸ ಮಾಡಿಕೊಂಡಿದ್ದರು. ಶನಿವಾರ ಗಾಣ ಕಟ್ಟುತ್ತಿರಲಿಲ್ಲ. ಅದಕ್ಕೇ ಊರಿನವರು ಅವರನ್ನು ಶನಿವಾರ ತೇಲಿ ಅಂತ ಕರೆದರು. ಹೊರಗಿನಿಂದ ಬಂದ ದಾವೀದ್ ರಹಾಬಿ ಎಂಬವನಿಗೆ ಇವರು ಯಹೂದಿಗಳಾ ಅಂತ ಸಂಶಯ ಬಂದು, ಅವರ ಹೆಂಗಸರಿಗೆ ಬೇರೆ ಬೇರೆ ಮೀನು ಕೊಟ್ಟು ಅಡುಗೆ ಮಾಡಲು ಹೇಳಿದನಂತೆ. ಅವರು ರೆಕ್ಕೆ, ಹುರುಪೆ ಎರಡೂ ಇರುವ ಮೀನು ಮಾತ್ರ ಆರಿಸಿ ಉಳಿದದ್ದನ್ನು ಪಕ್ಕಕ್ಕೆ ಇಟ್ಟರು. ಅಷ್ಟರಲ್ಲಿ ಅವನಿಗೆ ಗೊತ್ತಾಯಿತು ಅಂತ ಆ ಸಮುದಾಯದವರು ಕಥೆ ಹೇಳುತ್ತಾರೆ.

ಮಲ್ಪೆ ಹೋಮ್‌ಸ್ಟೇ

ಇಷ್ಟು ಜನ ಬರೆದಿದ್ದೀರಿ, ಅಮ್ಮನಿಗೆ ಪೂರ್ತಿ ಓದಿ ಹೇಳಿದೆ. ಉಗುರಿನ ಮೇಲೆ ಕತ್ತಿ ಎಳೆಯುವುದನ್ನು ಎರಡು ಸಲ ಓದಿಸಿದರು. ಈಗ ಕೋಳಿ ಆಸೆ ಬಿಟ್ಟಿದ್ದಾರೆ. ಅಕ್ಕಾ, ಒಂದು ಕೇಳಲಾ? ಕೊಯ್ದ ಕೋಳಿ ಅವರೇ ಎಲ್ಲಿಂದಾದರೂ ತಂದರೆ ಘೀ ರೋಸ್ಟ್ ಮಾಡಿ ಕೊಡಬಹುದಾ? ಮತ್ತೆ ಮೀನಿಗೂ ಶೆಹಿತಾ ಬೇಕಾ? ಬಂಗುಡೆ ಆಗುತ್ತದಾ?

ಕುಲಶೇಖರದ ಅಕ್ಕ

ಘೀ ರೋಸ್ಟ್ ಬೇಡವೇ ಬೇಡ ಮಾರಾಯಾ. ತುಪ್ಪ ಹಾಲಿನದ್ದು, ಮಸಾಲೆಗೆ ಮೊಸರು ಬೇರೆ. ಮಾಂಸ, ಹಾಲು ಒಟ್ಟಿಗೆ ಮುಟ್ಟಿಸುವ ಹಾಗಿಲ್ಲ. ಮರಿಯನ್ನು ಅದರ ತಾಯಿಯ ಹಾಲಿನಲ್ಲಿ ಬೇಯಿಸಬೇಡ ಅಂತ ಅವರ ಗ್ರಂಥದಲ್ಲಿ ಮೂರು ಕಡೆ ಬರುತ್ತದೆ. ಅಜ್ಜಿ ಮಧ್ಯಾಹ್ನ ಕೋಳಿ ತಿಂದರೆ ಆರು ಗಂಟೆ ಹೊತ್ತು ಕಳೆಯುವವರೆಗೆ ಚಹಾಕ್ಕೆ ಹಾಲು ಹಾಕುತ್ತಿರಲಿಲ್ಲ. ನಮ್ಮ ತೆಂಗಿನ ಹಾಲಿಗೆ ಅಡ್ಡಿ ಇಲ್ಲ. ಅವರಲ್ಲಿ ಮಾಂಸಕ್ಕೆ ಬಾದಾಮಿ ಹಾಲು ಹಾಕಿದರೆ, ನೋಡಿದವರು ತಪ್ಪು ತಿಳಿಯಬಾರದು ಅಂತ ಪಕ್ಕದಲ್ಲಿ ನಾಲ್ಕು ಬಾದಾಮಿ ಇಡುವ ರೂಢಿ ಉಂಟು. ನೀವು ಕಾಯಿ ಹೋಳು ಇಟ್ಟರಾಯಿತು.

ಕೊಯ್ದ ಮೇಲೂ ಕೆಲಸ ಮುಗಿಯುವುದಿಲ್ಲ. ನಮ್ಮ ಅಂಗಡಿಯಲ್ಲಿ ಗರಿ ಕೀಳಲು ಕೋಳಿಯನ್ನು ಬಿಸಿನೀರಿಗೆ ಅದ್ದುತ್ತಾರಲ್ವಾ, ಅದೂ ಆಗುವುದಿಲ್ಲ. ಬಿಸಿ ತಾಗಿದರೆ ರಕ್ತ ಒಳಗೇ ಉಳಿಯುತ್ತದೆ ಅಂತ. ತಣ್ಣೀರಿನಲ್ಲಿಯೇ ಕೀಳುವುದು. ಆಮೇಲೆ ಉಪ್ಪು. ಅಂಗಡಿಯಲ್ಲಿ ಉಪ್ಪು ಹಾಕಿ ತೊಳೆದದ್ದೇ ಸಿಗುತ್ತದೆ, ಆದರೆ ಅಜ್ಜಿ ಹಬ್ಬಕ್ಕೆ ತಾವೇ ಮಾಡುತ್ತಿದ್ದರು. ನನ್ನ ಕೈ ಹಿಡಿದು ಕಲಿಸಿದರು. ಅರ್ಧ ಗಂಟೆ ನೀರಿನಲ್ಲಿ ನೆನೆಸುವುದು. ನೀರು ಸೋರಿದ ಮೇಲೆ ಹರಳುಪ್ಪನ್ನು ಒಳಗೆ, ಹೊರಗೆ, ರೆಕ್ಕೆಯ ಸಂದಿಗೆ ಸವರುವುದು. ಮರದ ಹಲಗೆಯ ಒಂದು ತುದಿಗೆ ಕಟ್ಟೆ ಕೊಟ್ಟು ಸಿಂಕಿನ ಕಡೆಗೆ ಇಳಿಜಾರು ಮಾಡಿ, ಅದರ ಮೇಲೆ ಒಂದು ಗಂಟೆ. ತಿಳಿ ಗುಲಾಬಿ ನೀರು ಹಲಗೆಯಲ್ಲಿ ಇಳಿದು ಹೋಗುವುದು ಕಾಣುತ್ತಿತ್ತು. ಆಮೇಲೆ ಮೂರು ಸಲ ತೊಳೆಯುವುದು. ಲಿವರಿನಲ್ಲಿ ರಕ್ತ ಜಾಸ್ತಿ, ಅದಕ್ಕೆ ಉಪ್ಪು ಸಾಲದು, ಬೆಂಕಿಯ ಮೇಲೆ ಸುಡಲೇಬೇಕು. ಅಜ್ಜಿಗೆ 86 ವರ್ಷ, ಕೈ ನಡುಗುತ್ತಿತ್ತು, ಆದರೂ ಉಪ್ಪು ತಾಗದ ಒಂದು ಜಾಗ ಬಿಡುತ್ತಿರಲಿಲ್ಲ.

ಮೀನಿಗೆ ಇದು ಯಾವುದೂ ಇಲ್ಲ. ಕೊಯ್ಯುವ ವಿಧಿ ಇಲ್ಲ, ಉಪ್ಪಿನ ವಿಧಿ ಇಲ್ಲ. ರೆಕ್ಕೆ, ಹುರುಪೆ ಇದ್ದರೆ ಆಯಿತು. ಬಂಗುಡೆ, ಬೂತಾಯಿ, ಕಾಣೆ ಎಲ್ಲ ಆಗುತ್ತದೆ. ಬೊಂಡಾಸ್, ಸಿಗಡಿ, ಏಡಿ, ಮರುವಾಯಿ ಇಲ್ಲ. ಮಾರ್ಕೆಟಿನಲ್ಲಿ ಶುಚಿ ಮಾಡಿಸಬೇಡಿ, ತುಂಡು ಮಾಡಿಸಬೇಡಿ. ಇಡೀ ಮೀನು ಹುರುಪೆ ಸಮೇತ ತನ್ನಿ, ಅವರ ಕಣ್ಣಿಗೆ ಹುರುಪೆ ಕಾಣಬೇಕು. ಸಿಗಡಿ ಬೆಂದ ಬಾಣಲೆಯಲ್ಲಿ ಮಾಡಬೇಡಿ. ಒಂದು ಹೊಸ ಕಾವಲಿ, ಹೊಸ ಚೂರಿ, ಹೊಸ ಸೌಟು ತೆಗೆದಿಡಿ. ಕೊನೆಗೆ ಗ್ಯಾಸ್ ಹಚ್ಚುವಾಗ ಅವರನ್ನೇ ಕರೆಯಿರಿ. ನನ್ನ ಅಜ್ಜಿ ಒಲೆ ಹಚ್ಚಿ ಕೊಟ್ಟ ಮೇಲೆ ಅಡುಗೆ ಪೂರ್ತಿ ನಾನೇ ಮಾಡುತ್ತಿದ್ದೆ. ಬೇರೆ ಕಡೆಯಿಂದ ಬಂದ ಯಹೂದಿಗಳಲ್ಲಿ ಕೆಲವರಿಗೆ ಅಷ್ಟು ಸಾಲದು, ತಾವೇ ಮೀನನ್ನು ಕಾವಲಿಗೆ ಹಾಕಬೇಕು. ಅದನ್ನು ಅವರೇ ಹೇಳುತ್ತಾರೆ.

ಬಂದರಿನ ಬ್ಯಾರಿ

ಅಕ್ಕಾ, ಉಪ್ಪಿನ ಇಳಿಜಾರು ಹಲಗೆ ಓದಿ ನಮ್ಮ ಮನೆಯಲ್ಲಿ ಎಲ್ಲರಿಗೂ ಹೇಳಿದೆ. ನಿನ್ನೆಯಿಂದ ಅಂಗಡಿಯಲ್ಲಿ ಒಂದು ಬದಲು ಮಾಡಿದೆ. ಹತ್ತು ಕೋಳಿಗೆ ಒಂದು ಸಲ ಕತ್ತಿ ಉಗುರಿಗೆ ಹಿಡಿದು ನೋಡಬೇಕು ಅಂತ ಹುಡುಗರಿಗೆ ಹೇಳಿದ್ದೇನೆ. ಮೊದಲ ದಿನವೇ ಮೂರು ಸಲ ಮುಕ್ಕು ಸಿಕ್ಕಿತು.

ಮಲ್ಪೆ ಹೋಮ್‌ಸ್ಟೇ

ತಡವಾಗಿ ಬರೆಯುತ್ತಿದ್ದೇನೆ. ಅತಿಥಿಗಳು ಬಂದು ಹೋದರು.

ನಾನು ಹೊಸ ಕಾವಲಿ ತೋರಿಸಿದೆ. ಅವರು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಇದನ್ನು ನಮಗೆ ಮಾರುತ್ತೀರಾ ಅಂತ ಕೇಳಿದರು. ತಮ್ಮದೇ ಆದರೆ ಊರಿಗೂ ಕೊಂಡುಹೋಗಬಹುದು ಅಂತ. ಬೇಡ ಅಂದರೂ ಕೇಳದೆ ದುಡ್ಡು ಕೊಟ್ಟರು. ಯಹೂದಿ ಅಲ್ಲದವರಿಂದ ಕೊಂಡ ಹೊಸ ಪಾತ್ರೆಯನ್ನು ನೀರಿನಲ್ಲಿ ಮುಳುಗಿಸಬೇಕಂತೆ, ಅದಕ್ಕೆ ಬೇರೆಯೇ ಕೊಳ ಇರುತ್ತದಂತೆ, ಆದರೆ ಕಡಲು ಇದ್ದರೆ ಕೊಳವೇ ಬೇಡ. ಸ್ಟಿಕ್ಕರ್ ಗೋಂದು ಒಂದು ಚೂರೂ ಉಳಿಯದ ಹಾಗೆ ಉಜ್ಜಿ ತೆಗೆದು, ಬೆಳಿಗ್ಗೆ ಆರಕ್ಕೆ ಮೂವರೂ ಕಡಲಿಗೆ ಹೋದೆವು. ಅಮ್ಮ ಮನೆಯ ಹಿಂದಿನಿಂದಲೇ ನೋಡುತ್ತಿದ್ದರು. ಆ ಹೆಂಗಸು ಮೊಣಕಾಲು ನೀರಿನಲ್ಲಿ ನಿಂತು, ಮೆಲ್ಲಗೆ ಪ್ರಾರ್ಥನೆ ಹೇಳಿ, ಕಾವಲಿಯನ್ನು ಮುಳುಗಿಸಿದರು. ನೀರಿನ ಒಳಗೆ ಒಂದು ಕ್ಷಣ ಕೈ ಬಿಟ್ಟರು, ಹಿಡಿದ ಜಾಗಕ್ಕೂ ನೀರು ತಾಗಬೇಕು ಅಂತ. ಅಷ್ಟರಲ್ಲಿ ಅಲೆ ಬಂತು. ಗಂಡ ಓಡಿ ಹಿಡಿದುಕೊಂಡರು.

ಮೀನು ನಾನು ಬಂದರಿನಿಂದ ತಂದೆ, ಇಡೀ ಬಂಗುಡೆ. ಅವರು ಒಂದೊಂದನ್ನೂ ಬೆಳಕಿಗೆ ಹಿಡಿದು ಬಾಲದ ಹತ್ತಿರ ಉಗುರಿನಲ್ಲಿ ಕೆರೆದರು. ಹುರುಪೆ ಉಗುರಿಗೆ ಅಂಟಿ ಬಂತು, ತೆಳ್ಳಗೆ, ಸಾಸಿವೆಗಿಂತ ಸ್ವಲ್ಪ ದೊಡ್ಡದು. ನನ್ನ ಅಂಗೈ ಮೇಲೆ ಇಟ್ಟು ತೋರಿಸಿದರು. ಇಷ್ಟು ವರ್ಷ ಬಂಗುಡೆ ತಿಂದವನು ನಾನು ಅದನ್ನು ಸರಿಯಾಗಿ ನೋಡಿದ್ದೇ ಆವತ್ತು. ಗಂಡ ಗ್ಯಾಸ್ ಹಚ್ಚಿದರು, ಅಮ್ಮ ಮಸಾಲೆ ಹಚ್ಚಿದ ಮೀನನ್ನು ಕಾವಲಿಗೆ ಇಟ್ಟರು. ಕುಚ್ಚಲಕ್ಕಿ ಅನ್ನ, ಬಂಗುಡೆ ಫ್ರೈ, ತೊಂಡೆಕಾಯಿ ಪಲ್ಯ. ಆರು ದಿನದಲ್ಲಿ ನಾಲ್ಕು ದಿನ ಅದೇ ಕೇಳಿದರು. ಶುಕ್ರವಾರ ಸಂಜೆ ಕತ್ತಲಾಗುವ ಮೊದಲೇ ಎಲ್ಲ ಬೇಯಿಸಿ ಮುಚ್ಚಿಟ್ಟೆವು, ಶನಿವಾರ ಒಲೆ ಹಚ್ಚುವ ಹಾಗಿಲ್ಲವಂತೆ.

ಅಕ್ಕಾ, ಅಮ್ಮ ನಿಮ್ಮನ್ನು ಒಂದು ದಿನ ಊಟಕ್ಕೆ ಬರಲು ಹೇಳಿದ್ದಾರೆ. ಬಂದರಿನ ಅಣ್ಣನನ್ನೂ. ಘೀ ರೋಸ್ಟ್ ಮಾಡುತ್ತಾರಂತೆ, ಕೋಳಿ ಅಣ್ಣನ ಅಂಗಡಿಯದ್ದೇ.